ದರ ಮುಗಿದ ಮೇಲೆ ಬರುವ ದನಿ

ಬೆಳಕು ಹರಿಯುವ ಮುನ್ನವೇ ತರಕಾರಿ ಸಗಟು ಮಾರುಕಟ್ಟೆಯ ಮಾಳಿಗೆ ಕೋಣೆಯಲ್ಲಿ ದೀಪ ಹತ್ತಿಕೊಳ್ಳುತ್ತದೆ. ಕೆಳಗೆ ಲಾರಿಗಳಿಂದ ಮೂಟೆ ಇಳಿಯುತ್ತಿವೆ. ಮೇಲೆ ಒಂದು ಮೇಜು, ಒಂದು ಮೈಕು, ಸೀಟು ಹರಿದ ಕುರ್ಚಿ. ಅದರಲ್ಲಿ ಕೂತವರನ್ನು ಎಲ್ಲರೂ ಮೈಕಕ್ಕ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನಕ್ಕಷ್ಟೇ ಬೇಕಾಗುತ್ತದೆ. ಮೇಜಿನ ಮೇಲೆ ಅಂದಿನ ಪತ್ರಿಕೆಯಿದೆ. ಇವತ್ತು ಅದರ ಮಡಿಕೆ ಬಿಚ್ಚಿಲ್ಲ.

ಆಲೂಗಡ್ಡೆ, ಈರುಳ್ಳಿ, ಕೋಸಿನ ಆರಂಭದ ದರ ಕೂಗುವುದು ಅವರ ಕೆಲಸ. ಅದಕ್ಕೆ ಸಂಬಳವಿದೆ. ಆಮೇಲಿನ ನಾಲ್ಕು ಮಾತಿಗೆ ಇಲ್ಲ. ತೆರಿಗೆ, ಬಡ್ಡಿ, ಬಜೆಟ್ಟು, ಆಳುವವರ ಕಿತ್ತಾಟ ಎಲ್ಲವನ್ನೂ ಅವರು ಪತ್ರಿಕೆಯಿಂದ ಹೆಕ್ಕಿ ಮಾರುಕಟ್ಟೆಯ ಮಾತಿನಲ್ಲಿ ಹೇಳುತ್ತಾರೆ. ಹಮಾಲರು ಮೂಟೆಗೆ ಒರಗಿ ಕೇಳುತ್ತಾರೆ. ಮೈಕಕ್ಕ ‘ಇಷ್ಟೇ’ ಎಂದ ಮೇಲೆಯೇ ಹರಾಜು.

ಇದು ಶುರುವಾದದ್ದು ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವ ಕಾಲ ಬಂದಾಗ. ಕ್ಯೂಆರ್ ಕೋಡಿನ ಚೀಟಿ ಅಂಟಿಸಿದರೆ ತೆರಿಗೆಯವರು ಮನೆಗೇ ಬರುತ್ತಾರೆಂದು ಸೊಪ್ಪಿನ ಹೆಂಗಸರು ಚೀಟಿ ಕಿತ್ತು ಸೆರಗಿನಲ್ಲಿ ಮುಚ್ಚಿಟ್ಟಿದ್ದರು. ಮೂಟೆ ಹೊತ್ತು ಸೊಂಟ ಕಳೆದುಕೊಂಡ ಗಂಡನ ಬದಲಿಗೆ ಮೈಕಕ್ಕ ಆಗಷ್ಟೇ ಈ ಕೆಲಸಕ್ಕೆ ಸೇರಿದ್ದರು. ದರ ಹೇಳಿ ಮುಗಿಸಿದವರು ಪತ್ರಿಕೆಯಲ್ಲಿದ್ದುದನ್ನೂ ಓದಿಬಿಟ್ಟರು: ಸೊಪ್ಪು ಮಾರುವವರಿಗೆ ಆ ತೆರಿಗೆಯಿಲ್ಲ. ಮರುದಿನ ಚೀಟಿಗಳು ಮತ್ತೆ ತಕ್ಕಡಿಗೆ ಅಂಟಿಕೊಂಡವು.

ಅವರದೊಂದು ಪದ್ಧತಿಯಿದೆ. ಯಾವ ಸುದ್ದಿಯಾದರೂ ಮೊದಲು ಮಾಳಿಗೆಗೆ ಚಹಾ ತರುವ ‘ಚಹಾದ ಮಾವ’ನಿಗೆ ಹೇಳುತ್ತಾರೆ. “ಅವನ ಹುಬ್ಬು ಗಂಟಾದ್ರೆ ನಾನು ಸರಿಯಾಗಿ ಹೇಳಿಲ್ಲ ಅಂತ. ಮತ್ತೆ ಹೇಳ್ತೀನಿ. ಆಗಲೂ ಬಿಚ್ಚದಿದ್ರೆ ನನಗೇ ತಿಳಿದಿಲ್ಲ ಅಂತ.” ಅಂಥ ದಿನ ಮೈಕಿನಲ್ಲಿ, “ಇನ್ನೊಂದು ಸುದ್ದಿ ಇದೆ, ನನಗೆ ತಿಳೀಲಿಲ್ಲ” ಎನ್ನುತ್ತಾರೆ. ಆಮೇಲೆ ಒಂದು ಗಳಿಗೆ ಮೌನ. ಗೊತ್ತಿಲ್ಲ ಎನ್ನಲು ಇಷ್ಟು ಜಾಗ ಬಿಡುವವರು ಕಡಿಮೆ.

ಎಡವಟ್ಟಾದದ್ದು ಆ ಮೌನದಿಂದಲೇ. ವರ್ತಕರ ಸಂಘದ ಯಜಮಾನರ ಅಳಿಯ ಹೊಸ ಡಿಜಿಟಲ್ ನಾಣ್ಯವೊಂದನ್ನು ಮಾರುಕಟ್ಟೆಗೆ ತಂದಿದ್ದ. ಫೋನಿನೊಳಗಿನ ನಾಣ್ಯ, ಇವತ್ತು ಹಾಕಿದರೆ ವರ್ಷದೊಳಗೆ ದುಪ್ಪಟ್ಟು. ಚಹಾದ ಮಾವನ ಹುಬ್ಬು ಬಿಚ್ಚಲಿಲ್ಲ. ಮೈಕಕ್ಕ ಎಂದಿನಂತೆ ತಿಳೀಲಿಲ್ಲ ಎಂದರು. ಕೆಳಗಿನವರು ಅದಕ್ಕೆ ಬೇರೆಯೇ ಅರ್ಥ ಕಟ್ಟಿದರು. “ಅಕ್ಕ ಎಷ್ಟು ಜಾಣೆ! ತಾನೊಬ್ಬಳೇ ಹಾಕ್ಕೊಳ್ಳೋಕೆ ಬಾಯಿ ಬಿಡ್ತಿಲ್ಲ.” ಸೊಪ್ಪಿನವರು ಮಗಳ ಮದುವೆಗೆ ಕೂಡಿಟ್ಟಿದ್ದನ್ನು ಹಿಡಿದು ಅಳಿಯನನ್ನು ಹುಡುಕತೊಡಗಿದರು.

ನಿನ್ನೆ ಬೆಳಗ್ಗೆ ಮೈಕಕ್ಕ ಬಿಡಿಸಿ ಹೇಳಿದರು. “ನಾನು ಒಂದು ಕಾಸೂ ಹಾಕಿಲ್ಲ. ಆ ದುಡ್ಡು ಎಲ್ಲಿಂದ ಬೆಳೆಯುತ್ತೆ ಅಂತ ಅಳಿಯನ್ನ ಕೇಳ್ದೆ. ಉತ್ತರ ಬರ್ಲಿಲ್ಲ. ತಿಳಿಯೋವರೆಗೂ ಹಾಕಲ್ಲ.” ಸಂಜೆ ಯಜಮಾನರಿಂದ ಮಾತು ಬಂತು: ನಾಳೆಯಿಂದ ದರ ಮಾತ್ರ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಮನೆಯಲ್ಲಿ ಬರುವುದು ಇದೊಂದೇ ಸಂಬಳ. ಗಂಡ ಗೋಡೆಗೊರಗಿ ನಕ್ಕರಂತೆ. “ನಿನ್ನ ಬಾಯಿಗೆ ಸಂಬಳ ಕೊಡ್ತಾರೆ ಕಣೇ, ತಲೆಗಲ್ಲ. ತಲೆ ಮನೇಲಿಟ್ಟು ಹೋಗು.” ಸ್ವಲ್ಪ ಹೊತ್ತಿನ ಮೇಲೆ, “ತಡೆಯೋಕಾಗದಿದ್ರೆ ಹೇಳ್ಬಿಡು. ಹೇಗೋ ಆಗುತ್ತೆ” ಎಂದರಂತೆ.

ಇವತ್ತು ಅವರು ದರ ಹೇಳಿ ಮುಗಿಸುತ್ತಾರೆ. ಮೈಕು ಆರಿಸಲು ಸ್ವಿಚ್ ಒತ್ತುತ್ತಾರೆ. ಅದು ಸಡಿಲವಾಗಿ ವರ್ಷಗಳಾಗಿವೆ. ಒಮ್ಮೊಮ್ಮೆ ಅವರ ಕೆಮ್ಮು, ಚಹಾದ ಮಾವನಿಗೆ ಬೈದದ್ದು, ಎಲ್ಲವೂ ಮಾರುಕಟ್ಟೆಗೆ ಕೇಳಿಬಿಡುತ್ತದೆ.

ಕೆಳಗೆ ಯಾರೂ ಅಲ್ಲಾಡುವುದಿಲ್ಲ. ಹರಾಜು ಕೂಗುವವನು ಬಾಯಿ ತೆರೆದು ಮುಚ್ಚುತ್ತಾನೆ. ಹಮಾಲರು ಒರಗಿದಲ್ಲೇ ಇದ್ದಾರೆ. ಸೊಪ್ಪಿನ ಹೆಂಗಸೊಬ್ಬಳು ಮೇಲೆ ನೋಡಿ ಕೂಗುತ್ತಾಳೆ: “ಅಕ್ಕಾ, ಇಷ್ಟೇ ಅನ್ಲಿಲ್ಲ ನೀನು!”

ಮೈಕಕ್ಕ ಕಿಟಕಿಗೆ ಬರುತ್ತಾರೆ. “ಇವತ್ತು ದರ ಮಾತ್ರ ಕಣಮ್ಮಾ.”

“ಹಂಗಾದ್ರೆ ಕಾಯ್ತೀವಿ.”

ಅಷ್ಟು ದೊಡ್ಡ ಮಾರುಕಟ್ಟೆ ಸುಮ್ಮನೆ ಕಾಯುತ್ತದೆ. ಬಿಸಿಲೇರುತ್ತದೆ. ಟೊಮೆಟೊ ಕಾಯುವ ಸರಕಲ್ಲ. ಕೊನೆಗೆ ಮೆಟ್ಟಿಲ ಮೇಲೆ ಏದುಸಿರು ಕೇಳುತ್ತದೆ. ಯಜಮಾನರು ಒಳಗೆ ಬಂದು ಕಿಟಕಿಯಿಂದ ಕೆಳಗೆ ನೋಡುತ್ತಾರೆ. ಬೈಯಲು ಬಂದವರು ಬೈಯುವುದಿಲ್ಲ. ಪತ್ರಿಕೆಯ ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡುತ್ತಾರೆ.

“ಓದಿ ಮುಗಿಸಮ್ಮ. ಸರಕು ಬಾಡ್ತಿದೆ.”

“ನಾಣ್ಯದ ವಿಷಯ ಕೇಳಿದ್ರೆ ಏನನ್ಲಿ, ಯಜಮಾನ್ರೇ?”

ಯಜಮಾನರು ಮೇಜಿನ ಮೇಲೆ ಬಾಗುತ್ತಾರೆ. ಆಮೇಲೆ ದನಿ ತಗ್ಗಿಸಿ, “ತಿಳೀಲಿಲ್ಲ ಅನ್ನು. ನಿಜ ಹೇಳ್ಬೇಕಂದ್ರೆ ನನಗೂ ತಿಳಿದಿಲ್ಲ” ಎನ್ನುತ್ತಾರೆ.

ಗುಟ್ಟಾಗಿ ಹೇಳಿದ ಆ ಮಾತು ಛಾವಣಿಯ ಧ್ವನಿವರ್ಧಕಗಳಿಂದ ಮಾರುಕಟ್ಟೆಯ ಮೂಲೆ ಮೂಲೆಗೂ ಹೋಗುತ್ತದೆ. ಆಮೇಲೆ ಕೆಳಗಿನಿಂದ ಹಮಾಲನೊಬ್ಬ, “ನಮಗೂ ತಿಳಿದಿಲ್ಲ ಯಜಮಾನ್ರೇ!” ಎನ್ನುತ್ತಾನೆ. ನಗು ಅಲೆಯಂತೆ ಎದ್ದು ಮಾಳಿಗೆ ಹತ್ತುತ್ತದೆ. ಯಜಮಾನರು ಕೆನ್ನೆ ಕೆಂಪಾಗಿಸಿಕೊಂಡು ತಾವೂ ನಗುತ್ತಾರೆ. ಸೊಪ್ಪಿನ ಹೆಂಗಸು ಸೆರಗಿನಲ್ಲಿದ್ದ ದುಡ್ಡಿನ ಗಂಟನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.

ಮೈಕಕ್ಕ ಬಡ್ಡಿಯ ಸುದ್ದಿ ಓದಿ, “ಇಷ್ಟೇ” ಎನ್ನುತ್ತಾರೆ. ಹರಾಜು ಶುರುವಾಗುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಚಹಾ ಊದಿ ಆರಿಸುತ್ತಾ ಹೇಳುತ್ತಾರೆ: “ಹೊಸ ಸ್ವಿಚ್ ಹಾಕಿಸಿ ಅಂತ ಸಂಘಕ್ಕೆ ಹೇಳಿ ಹೇಳಿ ಸಾಕಾಗಿತ್ತು. ಇನ್ನು ಬೇಡ ಬಿಡಿ. ಸ್ವಲ್ಪ ದಿನ ಹೀಗೇ ಇರ್ಲಿ.”