ಹಿಟ್ಟಿನ ಮೇಲಿನ ಹೆಜ್ಜೆ

ಆಗ ನನಗೆ ಅರವತ್ತೆರಡು. ಹನ್ನೊಂದು ವರ್ಷದ ಹಿಂದಿನ ಮಾತು. ಮೊನ್ನೆ ಅಡುಗೆಮನೆಯಲ್ಲಿ ಅಕ್ಕಿಹಿಟ್ಟಿನ ಚೀಲ ಕೈಜಾರಿ ಬೀಳದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನೆಲವೆಲ್ಲ ಬೆಳ್ಳಗಾಯಿತು, ಹಸಿಹಿಟ್ಟಿನ ವಾಸನೆ ಮೂಗಿಗೆ ಬಂತು. ಹಿಂದೆ ಸರಿದು ನೋಡಿದರೆ ನನ್ನ ಬಲಗಾಲಿನ ಗುರುತು ಅದರಲ್ಲಿ ಕೂತಿತ್ತು. ಸಣ್ಣವಳಿದ್ದಾಗ ಒನಕೆ ಬಿದ್ದು ಸೊಟ್ಟಗಾದ ಕಿರುಬೆರಳು ಹೊರಗೆ ಚಾಚಿಕೊಂಡಿತ್ತು.

"ಅಜ್ಜಿ, ಡೋಂಟ್ ಮೂವ್! ವ್ಯಾಕ್ಯೂಮ್ ತರ್ತೀನಿ," ಎಂದಳು ಮೊಮ್ಮಗಳು. ಅವಳು ಹೇಳದಿದ್ದರೂ ನನ್ನ ಕಾಲು ಏಳುತ್ತಿರಲಿಲ್ಲ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆಯುವುದು ನಿಧಾನ, ತಪ್ಪೂ ಇರುತ್ತದೆ. ಆದರೆ ಇದು ಬೇರೆಯವರ ಕೈಯಲ್ಲಿ ಬರೆಸುವಂಥದ್ದಲ್ಲ.

ಆಗ ನಾವು ಎಮರಿವಿಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಗಳ ಬಾಣಂತನಕ್ಕೆ ಬಂದವಳು ಕೂಸು ನೋಡಿಕೊಳ್ಳಲು ಅಲ್ಲೇ ಉಳಿದಿದ್ದೆ. ಎರಡನೆಯ ಮಹಡಿ, ಮನೆಗಳ ಮುಂದೆ ಮಾಡು ಇಳಿಸಿದ ಉದ್ದನೆಯ ಸಿಮೆಂಟಿನ ಪಡಸಾಲೆ. ಪಕ್ಕದ ಬಾಗಿಲು ಆಕೆಯದು. ಉಡುಪಿ ಕಡೆಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು, ಗಂಡ ಇರಲಿಲ್ಲ. ಮೂವತ್ತು ವರ್ಷ ಮಿನ್ನೆಸೋಟದಲ್ಲಿ ಹಿಮದೊಳಗೆ ಸಂಸಾರ ಮಾಡಿದ್ದಳು. ಒಬ್ಬಳೇ ಆದ ಮೇಲೆ ಮಗಳು, "ಅಲ್ಲಿ ಜಾರಿ ಬೀಳ್ತೀಯ," ಎಂದು ಇಲ್ಲಿಗೆ ಕರೆತಂದಿದ್ದಳು. ಮಗಳ ಮನೆ, ಕೆಲಸ ಎಲ್ಲ ಪಕ್ಕದ ಊರು ಓಕ್ಲ್ಯಾಂಡಿನಲ್ಲಿ. ದಿನಾ ಸಂಜೆ ಬಂದು ತಾಯಿಯನ್ನು ನೋಡಿಕೊಂಡು ಹೋಗುತ್ತಿದ್ದಳು.

ಆಕೆಗೆ ಇಲ್ಲಿನ ಚಳಿಗಾಲ ಕಂಡರೆ ಆಗುತ್ತಿರಲಿಲ್ಲ.

"ಇದೆಂಥ ಚಳಿಗಾಲ ಮಾರಾಯ್ರೆ? ಪಾತ್ರೆ ತೊಳೆದ ನೀರಿನ ಹಾಗೆ ಉಂಟು ಆಕಾಶ. ಸರಿಯಾಗಿ ಚಳಿಯೂ ಇಲ್ಲ, ಬಿಸಿಲೂ ಇಲ್ಲ."

"ಮಂಡಿ ನೋಯೂದಿಲ್ಲ, ಒಂದ ಸ್ವೆಟರಿನ್ಯಾಗ ಚಳಿಗಾಲ ಮುಗೀತೈತಿ. ಇನ್ನೇನ್ ಬೇಕ್ರಿ ನಿಮಗ?" ಎನ್ನುತ್ತಿದ್ದೆ ನಾನು.

"ನಿಮ್ಮದು ಎಮ್ಮೆ ಜೀವ."

"ಎಮ್ಮಿ ಹಾಲರ ಕೊಡತೈತಿ. ನಿಮ್ಮ ಸ್ನೋ ಏನ್ ಕೊಡತೈತಿ?"

ಆಕೆ ನಗುತ್ತಿದ್ದಳು. ಆದರೆ ಒಂದು ದಿನ ಆ ಮಾತಿಗೆ ಉತ್ತರ ಕೊಟ್ಟಳು. ಅಲ್ಲಿ ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಎಲ್ಲರ ಮೆಟ್ಟಿಲೂ ಬೆಳ್ಳಗೆ. ಎದುರು ಮನೆಯ ಬಿಳಿಯ ಮುದುಕಿ ಮೊದಲು ಕಿಟಕಿಯಿಂದ ಈಕೆಯ ಮೆಟ್ಟಿಲು ನೋಡುತ್ತಿದ್ದಳಂತೆ. ಹೆಜ್ಜೆ ಕಂಡರೆ ಸರಿ. ಕಾಣದಿದ್ದರೆ ಸಲಿಕೆ ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದಳಂತೆ. ಗಂಡ ತೀರಿಹೋದ ವರ್ಷ ಈಕೆ ಜ್ವರದಲ್ಲಿ ಎರಡು ದಿನ ಎಚ್ಚರವಿಲ್ಲದೆ ಬಿದ್ದಿದ್ದಾಗ ಉಳಿಸಿದ್ದು ಹಾಗೆ. "ಇಲ್ಲಿ ನೆಲ ಯಾವಾಗಲೂ ಒಂದೇ ಥರ ಉಂಟಲ್ಲ. ಒಳಗೆ ಇದ್ದೇವೋ ಸತ್ತೇವೋ ಯಾರಿಗೆ ಗೊತ್ತಾಗ್ತದೆ?"

ಆಮೇಲೆ ತಾನೇ ಒಂದು ಉಪಾಯ ಮಾಡಿದಳು. ಅಷ್ಟಮಿಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪಾದ ಬಿಡಿಸುತ್ತಾರಲ್ಲ, ಆ ನೆನಪಿನಿಂದ ಹುಟ್ಟಿದ್ದು. ಮಲಗುವ ಮುಂಚೆ ಬಾಗಿಲ ಹೊರಗೆ ಜರಡಿಯಿಂದ ತೆಳ್ಳಗೆ ಹಿಟ್ಟು ಉದುರಿಸುವುದು, ಬೆಳಗ್ಗೆ ಎದ್ದ ಕೂಡಲೇ ಬರಿಗಾಲಲ್ಲಿ ಒಂದು ಹೆಜ್ಜೆ ಒತ್ತಿ ಒಳಗೆ ಹೋಗುವುದು. ನಾನು ಚಹಾ ಹಿಡಿದು ಹೊರಗೆ ಬಂದಾಗ ನೋಡಬೇಕು. ಹೆಜ್ಜೆ ಇಲ್ಲದಿದ್ದರೆ ಬಾಗಿಲು ಬಡಿಯಬೇಕು.

"ಇರಿವಿ ಬರ್ತಾವ್ರೀ," ಎಂದೆ.

"ಬರಲಿ. ಅವಾದ್ರೂ ಬರ್ತಾವಲ್ಲ."

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಒಂದು ದಿನವೂ ಹೆಜ್ಜೆ ತಪ್ಪಲಿಲ್ಲ.

ಆ ವರ್ಷದ ಸಂಕ್ರಾಂತಿ ದಿನ ಎಳ್ಳುಬೆಲ್ಲ ಕೊಡಲು ಹೋದೆ. ಆಕೆಯ ಮುಖ ಅರಳಿತ್ತು. ಅಕ್ಟೋಬರಿನಲ್ಲಿ ಮಿನ್ನೆಸೋಟಕ್ಕೆ ವಾಪಸು ಹೋಗುತ್ತೇನೆ ಎಂದಳು. ಎದುರು ಮನೆಯ ಆ ಮುದುಕಿ ತನ್ನ ಮನೆಯ ಕೆಳಗಿನ ಕೋಣೆ ಕೊಡುತ್ತಾಳಂತೆ, ಇಬ್ಬರೂ ಜೊತೆಗಿರುತ್ತಾರಂತೆ. ಮಗಳು ತಿಂಗಳುಗಟ್ಟಲೆ ಜಗಳವಾಡಿ ಕೊನೆಗೆ ಒಪ್ಪಿದ್ದಳು. "ನಿನ್ನ ತಲೆ ಸರಿ ಇರೋವರೆಗೆ ನಿನ್ನಿಷ್ಟ ಅಮ್ಮ. ತಲೆ ಕೈಕೊಟ್ರೆ ನೋ ವೇ," ಎಂದಿದ್ದಳಂತೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹಗಲೆಲ್ಲ ಆ ಪಡಸಾಲೆಯಲ್ಲಿ ನನ್ನ ಜೊತೆ ಮಾತಾಡುವವಳು ಆಕೆ ಒಬ್ಬಳೇ. ಅದನ್ನು ಹೇಳುವ ಬಾಯಿ ನನ್ನದಲ್ಲ. "ಹೋಗ್ರಿ, ಹೋಗ್ರಿ. ಮಂಜಿನ್ಯಾಗ ಸೆಟೆದು ಬೀಳ್ರಿ. ಯಾರಿಗೂ ಗೊತ್ತಾಗೂದಿಲ್ಲ," ಎಂದುಬಿಟ್ಟೆ.

"ಅಲ್ಲಿ ಗೊತ್ತಾಗ್ತದೆ," ಎಂದಳು. "ಗೊತ್ತಾಗದೇ ಇರುದು ಇಲ್ಲಿ."

ಒಂದು ವರ್ಷದಿಂದ ದಿನಾ ಬೆಳಗ್ಗೆ ನೋಡುತ್ತಿದ್ದವಳು ನಾನು. ಆ ಮಾತು ನಾಟಿತು. ಎಳ್ಳಿನ ಡಬ್ಬಿ ಅಲ್ಲೇ ಇಟ್ಟು ಎದ್ದು ಬಂದೆ.

ಮಾರನೆಯ ಬೆಳಗ್ಗೆ ಮೋಡ ಕವಿದಿತ್ತು. ಚಹಾ ಹಿಡಿದು ಹೊರಗೆ ಬಂದೆ. ಹಿಟ್ಟು ಇತ್ತು, ಹೆಜ್ಜೆ ಇರಲಿಲ್ಲ. ಚಹಾ ಕುಡಿದು ಮುಗಿಸಿದೆ. ಆಗಲೂ ಇರಲಿಲ್ಲ.

ಏನೋ ಆಗಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ ಎಂದು ಬರೆದರೆ ಅದು ಸುಳ್ಳು. ಹೊಳೆಯಿತು. ಆದರೆ ಅದಕ್ಕಿಂತ ಮೊದಲು ಹೊಳೆದದ್ದು ಬೇರೆ: ಬೇಕಂತಲೇ ಹೆಜ್ಜೆ ಇಟ್ಟಿಲ್ಲ ಈಕೆ, ನಾನೇ ಹೋಗಿ ಬಾಗಿಲು ಬಡಿಯಲಿ, ನಾನೇ ಮೊದಲು ಮಾತಾಡಲಿ ಎಂದು ಒಳಗೆ ಕೂತಿದ್ದಾಳೆ. ಹಾಗಾದರೆ ತಗೋ, ಹೆಜ್ಜೆ ಇದ್ದ ಮೇಲೆ ನಾನು ಬಡಿಯಬೇಕಿಲ್ಲವಲ್ಲ ಎಂದುಕೊಂಡು ನನ್ನ ಬಲಗಾಲನ್ನು ಆ ಹಿಟ್ಟಿನ ಮೇಲೆ ಒತ್ತಿದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಆಕೆ ಬೆಳಗಿನ ಜಾವವೇ ಬಚ್ಚಲಲ್ಲಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಸಂಜೆ ಮಗಳು ಬರುವವರೆಗೆ ಆ ತಣ್ಣನೆಯ ನೆಲದ ಮೇಲೆ... ಕೂಗಿದ್ದಳಂತೆ. ನಮ್ಮ ಮನೆಯಲ್ಲಿ ಟಿವಿ ಹಚ್ಚಿತ್ತು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ನಾನು ಒಳಗೆ ಕಾಲಿಟ್ಟಾಗ ತಾಯಿ ಮಗಳ ನಡುವೆ ವಾದ ನಡೆದಿತ್ತು.

"ಬಾಗಿಲಿಗೆ ಹೋಗಿ ಬಂದಿದೀಯ ಅಮ್ಮ. ಫುಟ್‌ಪ್ರಿಂಟ್ ನಾನೇ ನೋಡ್ದೆ. ಆಮೇಲೆ ಯಾವಾಗಲೋ ಬಿದ್ದಿದೀಯ, ನಿಂಗೆ ನೆನಪಿಲ್ಲ ಅಷ್ಟೆ."

"ನಾನು ಬಾಗಿಲಿಗೆ ಹೋಗಲೇ ಇಲ್ಲ ಮಾರಾಯ್ತಿ. ಎದ್ದದ್ದೇ ಬಿದ್ದದ್ದು." ನನ್ನ ಕಡೆ ತಿರುಗಿದಳು. ಕಣ್ಣು ಚುರುಕಾಗಿಯೇ ಇತ್ತು. "ನೀವು ಹೇಳಿ. ದಿನಾ ನೋಡುವವರು ನೀವಲ್ವಾ? ಹೆಜ್ಜೆ ಇತ್ತಾ?"

ಮಗಳೂ ನನ್ನನ್ನೇ ನೋಡುತ್ತಿದ್ದಳು. ಅದು ನನ್ನ ಕಾಲು ಎಂದು ಹೇಳಿದ್ದರೆ ಮುಗಿದಿತ್ತು. ಬೈಯುತ್ತಿದ್ದರು. ಬೈಸಿಕೊಳ್ಳುತ್ತಿದ್ದೆ.

"ಇತ್ರಿ," ಎಂದೆ. "ನಾನೂ ನೋಡೀನಿ."

ನನ್ನ ಮಾತು ಸುಳ್ಳಿರಬಹುದು ಎಂದು ಆಕೆಗೆ ಅನಿಸಲೇ ಇಲ್ಲ. "ಹಾಗಾದರೆ ನನಗೇ ಮರೆತುಹೋಗಿದೆ," ಎಂದಳು. ತನ್ನ ಬಲಗಾಲನ್ನು ಹೊದಿಕೆಯೊಳಗೆ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ.

ಮಿನ್ನೆಸೋಟದ ಮಾತನ್ನು ಮಗಳು ಮತ್ತೆ ಎತ್ತಲು ಬಿಡಲಿಲ್ಲ. ಮೂಳೆ ಕೂಡಿದರೂ ತಲೆ ಕೈಕೊಟ್ಟಿದೆಯಲ್ಲ ಎಂಬುದು ಅವಳ ಲೆಕ್ಕ. ಹಾಗೆ ತಿಳಿಯಲು ಆಧಾರ ಕೊಟ್ಟವಳು ನಾನು. ಓಕ್ಲ್ಯಾಂಡಿನಲ್ಲೇ ಒಂದು ವೃದ್ಧರ ಮನೆಗೆ ಸೇರಿಸಿದಳು. ಮೂರು ಸಲ ಹೋಗಿ ನೋಡಿದೆ. ಮೂರನೆಯ ಸಲ ಆಕೆ ಪ್ರತಿಯೊಂದು ಮಾತಿಗೂ ಮಗಳ ಮುಖ ನೋಡಿ, "ಹೌದಾ? ಹಾಗಾ ಆದದ್ದು?" ಎಂದು ಕೇಳುತ್ತಿದ್ದಳು. ಮೊದಲು ಯಾರನ್ನೂ ಏನನ್ನೂ ಕೇಳುವವಳಲ್ಲ. ಆಮೇಲೆ ನಾನು ಹೋಗಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ತೀರಿಕೊಂಡಳು. ಆ ದಿನವೂ ಇಲ್ಲಿ ಚಳಿ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಈಗ ನಾವಿರುವುದು ಲಾಸ್ ಆಲ್ಟೋಸಿನಲ್ಲಿ. ಕಿಟಕಿಯ ಹೊರಗೆ ಅದೇ ಬೂದಿ ಬಣ್ಣದ ಆಕಾಶ. ನನಗೆ ಹಿಮ ಇವತ್ತಿಗೂ ಬೇಡ. ಅದರ ಮೇಲೆ ಎಲ್ಲ ಕಾಣುತ್ತದೆ. ಮೊನ್ನೆ ಚೆಲ್ಲಿದ ಹಿಟ್ಟನ್ನು ಮೊಮ್ಮಗಳು ಒಂದೇ ನಿಮಿಷದಲ್ಲಿ ಎಳೆದು ತೆಗೆದಳು. "ಯಾಕಜ್ಜಿ ಅಳ್ತಿದೀಯ?" ಎಂದಳು. ಅಳುತ್ತಿರಲಿಲ್ಲ, ಹಿಟ್ಟು ಕಣ್ಣಿಗೆ ಹೋಗಿತ್ತು. ಹೇಳೋಣವೆಂದರೆ ಆಕೆ ಇಲ್ಲ. ಆಕೆಯ ಮಗಳ ನಂಬರು ಇದೆ, ಫೋನು ಮಾಡಿಲ್ಲ.

ಆಸ್ಪತ್ರೆಯಲ್ಲಿ ಸುಳ್ಳು ಹೇಳಿ ಬಂದ ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಆಕೆಯ ಬಾಗಿಲ ಮುಂದೆ ಸ್ಟ್ರೆಚರಿನ ಗಾಲಿ ಹಾದು ಹಿಟ್ಟೆಲ್ಲ ಕೆದರಿತ್ತು. ಒಂದು ಅಂಚಿನಲ್ಲಿ ಮಾತ್ರ ಐದು ಬೆರಳು ಉಳಿದಿದ್ದವು. ಕಿರುಬೆರಳು ಸೊಟ್ಟಗೆ ಹೊರಗೆ ಚಾಚಿತ್ತು. ಒದ್ದೆ ಬಟ್ಟೆ ತಂದು ಕುಕ್ಕರುಗಾಲಲ್ಲಿ ಕೂತು ಮೊದಲು ಅದನ್ನು ಒರೆಸಿದೆ. ಆಮೇಲೆ ಒಳಗೆ ಹೋಗಿ ಚಹಾಕ್ಕಿಟ್ಟೆ.