ರುದ್ರಣ್ಣ ಬೇಡವೆಂದ ಶುಂಠಿ

ಬೆಳಗ್ಗೆ ಹೆಂಡತಿ ಟೀಗೆ ಶುಂಠಿ ಜಜ್ಜಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರು ಅಂಗಡಿಯ ರುದ್ರಣ್ಣ ನೆನಪಾದ. ಶುಂಠಿ ಅಂದರೆ ನಿಮಗೆ ನೆಗಡಿಯೋ ಕಷಾಯವೋ ನೆನಪಾಗಬಹುದು. ನನಗೆ ನನ್ನ ಹೊಟ್ಟೆಕಿಚ್ಚು ನೆನಪಾಗುತ್ತದೆ.

ಅರಕಲಗೂಡಿನಲ್ಲಿ ನನ್ನದೊಂದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ರಸ್ತೆಯಾಚೆ ರುದ್ರಣ್ಣನದೂ ಅದೇ ವ್ಯಾಪಾರ. ನನ್ನಲ್ಲಿ ಗಾಜಿನ ಬಾಗಿಲು, ಬಣ್ಣದ ಬೋರ್ಡು, ಬಂದವರು ಕೂರಲು ಕುರ್ಚಿಗಳು. ಅವನಲ್ಲಿ ಅಲ್ಲಾಡುವ ಒಂದು ಬೆಂಚು. ಆದರೂ ಜನ ಬಸ್ಸಿಳಿದು ನನ್ನ ಕುರ್ಚಿಗಳನ್ನು ದಾಟಿಕೊಂಡು ಹೋಗಿ ಆ ಬೆಂಚಿನ ಮೇಲೆ ಕೂರುತ್ತಿದ್ದರು. ಹೊಗೆಸೊಪ್ಪಿನ ಎಲೆ ಸುರುಟಿದರೂ ಜೋಳಕ್ಕೆ ಹುಳ ಬಿದ್ದರೂ ಅವನಿಗೇ ತೋರಿಸಬೇಕು. ಅವನೋ, ಎಲೆಯನ್ನು ತಿರುವಿ ನೋಡಿ, "ಇದ್ಕೆ ಔಸ್ದಿ ಬ್ಯಾಡ, ಓಗು" ಎಂದು ಗಿರಾಕಿಯನ್ನು ಬರಿಗೈಲಿ ಕಳಿಸುತ್ತಿದ್ದ. ಅಂಥವನ ಹತ್ತಿರ ಜನ ಮತ್ತೆ ಮತ್ತೆ ಯಾಕೆ ಹೋಗುತ್ತಾರೆಂದು ನನಗೆ ಅರ್ಥವಾಗುತ್ತಿರಲಿಲ್ಲ. ನನ್ನ ಗಿರಾಕಿಗಳಿಗಿಂತ ಅವನ ಗಿರಾಕಿಗಳ ಮುಖವೇ ನನಗೆ ಚೆನ್ನಾಗಿ ಪರಿಚಯವಿತ್ತು.

ಒಂದು ವರ್ಷ ಮುಂಗಾರಿಗೆ ಮುಂಚೆ ಇಬ್ಬರಿಗೂ ಒಂದೇ ಕಡೆಯಿಂದ ಬಿತ್ತನೆ ಶುಂಠಿ ಬಂತು. ಮಧ್ಯಾಹ್ನ ರುದ್ರಣ್ಣ ಗಾಜಿನ ಲೋಟವೊಂದನ್ನು ಹಿಡಿದು ನನ್ನಲ್ಲಿಗೆ ಬಂದ. ನೀರಿನಲ್ಲಿ ಶುಂಠಿಯ ಹೋಳು. ಅದರಿಂದ ಹಾಲಿನಂಥ ಬಿಳಿ ಎಳೆ ಇಳಿಯುತ್ತಿತ್ತು.

"ಕೊಳೆ ರೋಗ ಐತೆ ಕಣ್ಲಾ. ನಾನು ವಾಪಸ್ ಕಳಿಸ್ತಾ ಇವ್ನಿ. ನೀನೂ ಮಾರ್ಬ್ಯಾಡ."

"ನೋಡ್ತೀನಿ ಕಣಣ್ಣ" ಅಂದೆ. ನೋಡುವುದೇನು, ಕಣ್ಣಾರೆ ನೋಡಿದ್ದಾಗಿತ್ತು.

ಮರುದಿನ ಜಯಮ್ಮ ಬಂದಳು. ಗಂಡ ತೀರಿಹೋದ ಮೇಲೆ ಎರಡು ಎಕರೆಯನ್ನು ತಾನೇ ನಿಂತು ಮಾಡಿಸುತ್ತಿದ್ದ ಹೆಂಗಸು, ರುದ್ರಣ್ಣನ ಕಾಯಂ ಗಿರಾಕಿ.

"ಸಾ, ಈ ಸಲ ಬೀಜ ಸರಿಯಿಲ್ಲ, ಸುಂಟಿನೇ ಬ್ಯಾಡ ಅಂತಾವ್ರೆ ರುದ್ರಣ್ಣ. ನಿಮ್ಮಲ್ಲಿ ಎಂಗೆ?"

ಇಷ್ಟು ವರ್ಷ ದಾಟಿಹೋಗುತ್ತಿದ್ದವಳು ಅವತ್ತು ನನ್ನ ಕುರ್ಚಿಯಲ್ಲಿ ಕೂತಿದ್ದಳು. "ಅವ್ರಿಗೆ ವಯಸ್ಸಾಯ್ತು ಕಣವ್ವ, ಎಲ್ಲಾದ್ರಲ್ಲೂ ರೋಗ ಕಾಣ್ತದೆ. ನಮ್ ಬೀಜ ಚೆನ್ನಾಗೈತೆ" ಅಂದೆ. ಲಾಭದ ಆಸೆಗೆ ಹೇಳಿದ ಸುಳ್ಳಾಗಿದ್ದರೆ ವ್ಯಾಪಾರಿಯ ಬುದ್ಧಿ ಎಂದು ನೀವೂ ಬಿಡುತ್ತಿದ್ದಿರೇನೋ. ಆಕೆ ಅವನನ್ನು ಬಿಟ್ಟು ನನ್ನನ್ನು ನಂಬಲಿ, ನನಗೆ ಬೇಕಾಗಿದ್ದದ್ದು ಅಷ್ಟೇ. ನಂಬಿದಳು. ಚೀಲಗಳನ್ನು ಗೂಡ್ಸ್ ಆಟೋಗೆ ಹಾಕಿಸುವಾಗ, ರುದ್ರಣ್ಣ ನೋಡಲಿ ಎಂದು ನಾನೇ ಹೊರಗೆ ಬಂದು ನಿಂತೆ.

ಮಳೆ ಹಿಡಿದ ಮೇಲೆ ಆಕೆಯ ಹೊಲ ಹಳದಿಯಾಯಿತು. ಹೋಗಿ ನೋಡಿದೆ. ಗಿಡ ಹಿಡಿದರೆ ಕೊಳೆತ ಬುಡದಿಂದ ಕಿತ್ತು ಕೈಗೆ ಬರುತ್ತಿತ್ತು. ಜಯಮ್ಮ ಬದುವಿನ ಮೇಲೆ ನಿಂತು, "ಬುಡಿ ಸಾ, ನಿಮ್ಗಾದ್ರೂ ಎಂಗೆ ಗೊತ್ತಾಯ್ತದೆ" ಅಂದಳು. ಆಗಲೇ ಹೇಳಬಹುದಿತ್ತು. ತಲೆ ತಗ್ಗಿಸಿಕೊಂಡು ಬಂದೆ. ಆಕೆ ಅದನ್ನು ಮರುಕವೆಂದುಕೊಂಡಳು, ಮಾರಿದವನೇ ಹೊಲದವರೆಗೆ ಬಂದು ನೊಂದನಲ್ಲ ಎಂದು ಅಂದಿನಿಂದ ನನ್ನ ಅಂಗಡಿಗೇ ಬರತೊಡಗಿದಳು.

ನನಗೆ ಮೊದಲೇ ರೋಗ ತೋರಿಸಿದ್ದೆನೆಂದು ರುದ್ರಣ್ಣ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಊರಿಗೆಲ್ಲ ಸಾರಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮುಂದಿನ ವರ್ಷ ಆ ಹೊಲಕ್ಕೆ ಹೋಗಿ, ಶುಂಠಿ ಬೇಡ, ರಾಗಿ ಹಾಕು ಎಂದು ಹೇಳಿಬಂದವನೂ ಅವನೇ. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ನಾನು ಹಾಳುಮಾಡಿದ್ದನ್ನು ಸರಿಮಾಡಿದ ಹೆಸರೂ ಅವನಿಗೇ ಹೋಯಿತಲ್ಲ!

ಇವತ್ತು ಅಂಗಡಿ ತೆಗೆಯುವ ಹೊತ್ತಿಗೆ ಜಯಮ್ಮ ಜೋಳದ ಬೀಜಕ್ಕೆ ಬಂದಿದ್ದಳು. ಚೀಲವನ್ನು ಮೇಜಿನ ಮೇಲಿಟ್ಟೆ. ಬೆಳಗಿನ ಶುಂಠಿಯ ಘಾಟು ಇನ್ನೂ ಮೂಗಿನಲ್ಲೇ ಇತ್ತು, ಮಾತು ಬಾಯಿಗೆ ಬಂದುಬಿಟ್ಟಿತು.

"ಆವತ್ತು ಸುಂಟಿಗೆ ರೋಗ ಐತೆ ಅಂತ ನಂಗೊತ್ತಿತ್ತು ಕಣವ್ವ. ರುದ್ರಣ್ಣ ತಂದು ತೋರ್ಸಿದ್ರು."

"ಮತ್ಯಾಕ್ ಕೊಟ್ರಿ?" ಅಂದಳು ಆಕೆ.

"ನೀನು ಯಾವಾಗ್ಲೂ ಅವ್ರತ್ರಾನೇ ಓಗ್ತಿದ್ದೆ. ಅದ್ಕೆ."

ಜಯಮ್ಮ ಚೀಲ ಮುಟ್ಟದೆ ಎದ್ದು ರಸ್ತೆ ದಾಟಿದಳು. ಹೊಟ್ಟೆಯೊಳಗೆ ಉರಿ ಎದ್ದದ್ದು ಸುಳ್ಳಲ್ಲ. ಕರೆಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಆಕೆ ಹೋಗುತ್ತಿದ್ದದ್ದು ಸರಿಯಾದ ಅಂಗಡಿಗೇ.