ಅಕ್ಕ ಸೋತ ಚುನಾವಣೆ

ಅಮೆರಿಕದ ಸಣ್ಣ ಊರೊಂದರ ಪತ್ರಿಕೆಯ ತುಣುಕನ್ನು ಸ್ನೇಹಿತರೊಬ್ಬರು ಕಳಿಸಿದ್ದರು. ಉಡುಪು ವ್ಯಾಪಾರದಲ್ಲಿ ಹೆಸರು ಮಾಡಿದ ಭಾರತೀಯ ಮೂಲದ ಮಹಿಳೆ ನಗರಸಭೆಗೆ ಆಯ್ಕೆಯಾಗಿದ್ದಾರೆ, ಇದು ಅವರು ಎದುರಿಸಿದ ಮೊದಲ ಚುನಾವಣೆ ಎಂದು ಅದರಲ್ಲಿತ್ತು. ಆ ಕೊನೆಯ ಮಾತು ತಪ್ಪು. ಅವರ ಮೊದಲ ಚುನಾವಣೆ ಎಂಬತ್ತರ ದಶಕದಲ್ಲಿ ಕುವೈತಿನಲ್ಲಿ ನಡೆದಿತ್ತು. ಆಗ ನಾನು ಅಲ್ಲಿದ್ದೆ.

ಅಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿ ನನಗೆ ಕೆಲಸ, ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ವಾಸ. ಅದೇ ಕಟ್ಟಡದ ಕೆಳಗೆ ಅವರ ಹೊಲಿಗೆ ಅಂಗಡಿ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಊರಿಗೆ ಮರಳದೆ ಅಂಗಡಿ ತೆರೆದವರು. ಕುವೈತಿ ಮನೆಗಳ ಹೆಂಗಸರು ಮದುವೆಯ ಉಡುಪುಗಳನ್ನು ಅವರಲ್ಲೇ ಹೊಲಿಸುತ್ತಿದ್ದರು. ಪರವಾನಗಿ ಮಾತ್ರ ಕುವೈತಿಯೊಬ್ಬನ ಹೆಸರಿನಲ್ಲಿತ್ತು. ಅವನೇ ಕಫೀಲ್, ಅಲ್ಲಿನ ಕಾನೂನಿನಂತೆ ವಿದೇಶೀಯರಿಗೆ ಹೊಣೆಯಾಗುವವನು. ಅಕ್ಕನ ಇಕಾಮಾ, ಎಂದರೆ ಆ ದೇಶದಲ್ಲಿ ಇರಲು ಬೇಕಾದ ಅನುಮತಿ, ಅವನ ಕೈಯಲ್ಲಿತ್ತು. ಅಂಗಡಿಯ ಟೈಲರುಗಳದ್ದೂ ಅಷ್ಟೆ.

ನಮ್ಮ ಕನ್ನಡ ಸಂಘದಲ್ಲಿ ಒಂಟಿ ಗಂಡಸರಿಗೆ ಒಂದೊಂದು ಓಟು, ಸಂಸಾರಸ್ಥರ ಮನೆಗೆ ಒಂದೇ. ಅದನ್ನು ಗಂಡ ಹಾಕುತ್ತಿದ್ದ. ಗಂಡನಿಲ್ಲದ್ದರಿಂದ ಓಟಿದ್ದ ಏಕೈಕ ಹೆಂಗಸು ಅಕ್ಕ. ಆ ವರ್ಷ ಅವರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ, ಗೆದ್ದರೆ ಹೆಂಡತಿಯರಿಗೂ ಓಟು ಕೊಡಿಸುತ್ತೇನೆ ಎಂದರು. ಶುಕ್ರವಾರದ ರಜೆಯಲ್ಲಿ ಕನ್ನಡದ ಸಂಸಾರಗಳಿದ್ದ ಮಂಗಫ್‌ನ ಫ್ಲ್ಯಾಟುಗಳಿಗೆ ಹೋಗಿ ಅಡುಗೆಮನೆಗಳಲ್ಲಿ ಕೂತು ಮಾತಾಡುತ್ತಿದ್ದರು. ಗಂಡಸರು ಹೊರಗಿನ ಕೋಣೆಯಲ್ಲಿ ವಿಡಿಯೋ ನೋಡುತ್ತಿದ್ದರು.

ಆಗಿನ ಅಧ್ಯಕ್ಷರು ರಿಫೈನರಿಯ ಇಂಜಿನಿಯರ್. ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವ ನೆಪದಲ್ಲಿ ಒಂದು ದಿನ ಅಂಗಡಿಗೆ ಬಂದರು.

“ಏನಕ್ಕಾ, ರವಿಕೆ ಅಳತೆ ಬಿಟ್ಟು ಸಂಘದ ಅಳತೆಗೆ ಹೊರಟ್ರಂತೆ?”

“ಸಂಘ ಬಿಗಿ ಆಗಿದೆ ಮಾರಾಯ್ರೇ. ಸ್ವಲ್ಪ ಬಿಚ್ಚಿ ಹೊಲಿಬೇಕು.”

ಅವರು ನಕ್ಕರು. ಪ್ಯಾಂಟು ಕೊಡದೆ ಹೋದರು.

ಮುಂದಿನ ವಾರ ಕಫೀಲನಿಂದ ಕರೆ ಬಂತು. ಅಕ್ಕ ರಾಜಕೀಯ ಮಾಡುತ್ತಿದ್ದಾಳೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಯಾರೆಂದು ನನಗೆ ಕೊನೆಗೂ ಖಚಿತವಾಗಲಿಲ್ಲ. ಆದ್ದರಿಂದ ಬರೆಯುವುದಿಲ್ಲ.

ಇಕಾಮಾ ರದ್ದಾಗಬಹುದೆಂಬ ಸುದ್ದಿ ತಿಳಿದು ಹಿರಿಯ ಟೈಲರ್ ಮೆಷಿನ್ ನಿಲ್ಲಿಸಿದ. ಉಳಿದವರೂ ನಿಲ್ಲಿಸಿದರು.

“ಓಟಿಗೆ ನಿಲ್ಲುವುದು ನೀವು ಅಕ್ಕ. ಖಲಾಸ್ ಆಗುವುದು ನಾವು.”

“ಗೊತ್ತುಂಟು.”

“ಗೊತ್ತಿದ್ದು ಎಂತ ಪ್ರಯೋಜನ? ಊರಿಗೆ ಹೋಗಿ ನಾನು ಯಾರ ಬಟ್ಟೆ ಹೊಲಿಯುವುದು?”

ಅಕ್ಕ ನನ್ನ ಕಡೆ ತಿರುಗಿ, “ನಿಮಗೆ ಅರಬಿ ಬರ್ತದಲ್ಲ. ನನ್ನೊಟ್ಟಿಗೆ ಬನ್ನಿ” ಎಂದರು.

ಕುವೈತಿ ಮನೆಗಳಲ್ಲಿ ಗಂಡಸರು ಸೇರಿ ಕೂರುವ ದೊಡ್ಡ ಕೋಣೆಗೆ ದೀವಾನಿಯಾ ಎನ್ನುತ್ತಾರೆ. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲ. ಕಫೀಲನ ಮನೆ ತಲುಪಿದಾಗ ಅಕ್ಕ ಪಕ್ಕದ ಬಾಗಿಲಿನಿಂದ ಒಳಮನೆಗೆ ಹೋದರು, ನಾನು ದೀವಾನಿಯಾಕ್ಕೆ. ತೀರ್ಮಾನ ಆಗುವುದು ಇಲ್ಲೇ ಎಂದು ನಾನು ನಂಬಿದ್ದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ.

ಆದರೆ ಚಹಾ ಮುಗಿಯುವ ಮೊದಲು ಅಲ್ಲಿ ಕೆಲಸದ ಮಾತು ಎತ್ತುವಂತಿಲ್ಲ. ಹೊಸಬರು ಬಂದಾಗಲೆಲ್ಲ ಎಲ್ಲರೂ ಎದ್ದು ಕೈಕುಲುಕಬೇಕು, ಮತ್ತೆ ಚಹಾ ಬರುತ್ತದೆ. ಕಫೀಲನ ತಮ್ಮ ಸಂಸತ್ತಿನ ಚುನಾವಣೆಗೆ ನಿಂತಿದ್ದರಿಂದ ಜನ ಬರುತ್ತಲೇ ಇದ್ದರು. ನಾನು ಏಳುತ್ತಿದ್ದೆ, ಕೂರುತ್ತಿದ್ದೆ. ಕೊನೆಗೆ ಕಫೀಲನೇ ಪಕ್ಕಕ್ಕೆ ಬಂದು ಕೂತ.

“ಇದು ನಿನ್ನ ಪತ್ರಿಕೆಯಲ್ಲಿ ಬರುತ್ತದಾ?”

“ಇಲ್ಲ.”

“ನನ್ನ ಹೆಸರಿನಲ್ಲಿರುವ ಹೆಂಗಸು ಮೀಟಿಂಗ್ ಮಾಡ್ತಾಳೆ ಅಂದರೆ ನನ್ನ ತಮ್ಮನ ಎದುರಾಳಿಗಳು ಸುಮ್ಮನಿರ್ತಾರಾ? ಅಂಗಡಿ, ಇಲ್ಲವೇ ಚುನಾವಣೆ, ಒಂದನ್ನು ಬಿಡಲಿ. ಬಿಡದಿದ್ದರೆ ಎಲ್ಲರ ಇಕಾಮಾ ಖಲಾಸ್.”

ನಾನು ಬಾಯಿ ತೆರೆಯುವಷ್ಟರಲ್ಲಿ ಮತ್ತೊಬ್ಬರು ಬಂದರು. ಎಲ್ಲರೂ ಎದ್ದೆವು. ಅಷ್ಟರಲ್ಲಿ ಒಳಗಿನಿಂದ ತಾಯಿ ಕರೆಯುತ್ತಿದ್ದಾರೆ ಎಂದು ಹೇಳಿಕಳಿಸಿದರು. ಕಫೀಲ್ ಎದ್ದು ಹೋದ. ಮರಳಿ ಬಂದಾಗ ಅವನ ದನಿ ತಗ್ಗಿತ್ತು.

“ಟೈಲರುಗಳು ಬೇರೆ ಕಫೀಲ್ ಹುಡುಕಿಕೊಳ್ಳಲಿ, ಬಿಟ್ಟುಕೊಡುತ್ತೇನೆ. ಅವಳನ್ನು ಬಿಟ್ಟುಕೊಡುವುದಿಲ್ಲ. ಅಂಗಡಿಯಾ ಚುನಾವಣೆಯಾ, ಅವಳೇ ಆರಿಸಿಕೊಳ್ಳಲಿ.”

ಕಾರಿನಲ್ಲಿ ಕೇಳಿದೆ. “ಒಳಗೆ ಏನಂದ್ರಿ ಅಕ್ಕಾ?”

“ನನ್ನ ಬಗ್ಗೆ ಎಂತದೂ ಕೇಳ್ಲಿಲ್ಲ. ಹುಡುಗರನ್ನು ಬಿಟ್ಟುಕೊಡಿ ಅಂದೆ. ಅವರ ಮನೆಯ ಮದುವೆ ಬಟ್ಟೆ ಅರ್ಧಕ್ಕೆ ನಿಂತರೆ ಗತಿಯೇನು ಅಂತ ಅಜ್ಜಿಯೇ ಮಗನನ್ನು ಬೈದದ್ದು.”

“ಈಗ ಹೆಸರು ಹಿಂದಕ್ಕೆ ತಗೊಂಡರೆ ಅಂಗಡಿ ಉಳಿಯುತ್ತಲ್ಲ.”

“ಉಳೀತದೆ. ನಾಳೆ ಮತ್ತೊಂದಕ್ಕೆ ಹೆದರಿಸ್ತಾನೆ. ಆಗಲೂ ಉಳಿಸ್ತಾ ಕೂರಬೇಕು.”

ನನಗೆ ಅದು ದುಡುಕು ಅನ್ನಿಸಿತು. ಈಗಲೂ ಅಲ್ಲವೆಂದು ಖಾತ್ರಿಯಿಲ್ಲ. ಟೈಲರುಗಳು ಒಬ್ಬೊಬ್ಬರಾಗಿ ಸುತ್ತಲಿನ ಅಂಗಡಿಗಳಿಗೆ ಹೋದರು. ಅಕ್ಕನೇ ಬಾಗಿಲು ಬಾಗಿಲು ತಿರುಗಿ ಜಾಗ ಕೇಳಿದ್ದರು. ಕೊನೆಯವನ ಪಾಸ್‌ಪೋರ್ಟಿನಲ್ಲಿ ಹೊಸ ಇಕಾಮಾದ ಮುದ್ರೆ ಬಿದ್ದ ಮೇಲೆ ತಾವು ಚುನಾವಣೆಯಲ್ಲೇ ಇರುವುದಾಗಿ ಕಫೀಲನಿಗೆ ತಿಳಿಸಿದರು. ಅವನು ಮಾತಿಗೆ ತಪ್ಪಲಿಲ್ಲ. ಅಕ್ಕನ ಇಕಾಮಾ ರದ್ದಾಯಿತು. ದೇಶ ಬಿಡಲು ಕೊಟ್ಟ ಅವಧಿಯೊಳಗೇ ಸಂಘದ ಸಭೆ ಬಂತು.

ಕೈ ಎತ್ತಿ ಓಟು ಹಾಕುವುದು ನಮ್ಮ ಪದ್ಧತಿ. ಓಟಿಲ್ಲದ ಹೆಂಡತಿಯರು ಎಂದೂ ಬಾರದಷ್ಟು ಜನ ಬಂದು ಗೋಡೆಗುಂಟ ನಿಂತಿದ್ದರು. ಅಕ್ಕನ ಹೆಸರು ಕೂಗಿದಾಗ ಕೈಗಳು ಎದ್ದವು, ಸಾಲಲಿಲ್ಲ. ಇಂಜಿನಿಯರ್ ಹೆಸರಿಗೆ ಎದ್ದ ಕೈಗಳಲ್ಲಿ ಹಿರಿಯ ಟೈಲರನದೂ ಒಂದು. ಅಕ್ಕ ಮುಂದಿನ ಸಾಲಿನಿಂದ ತಿರುಗಿ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಅವನೇ ಹತ್ತಿರ ಬಂದ.

“ನಾನು ಅವರಿಗೇ ಎತ್ತಿದ್ದು ಅಕ್ಕ. ನಮ್ಮನ್ನು ಒಂದು ಮಾತು ಕೇಳದೆ ಅಂಗಡಿ ಮುಚ್ಚಿದ್ರಿ. ಹೊಸ ಧಣಿ ಚಹಾ ಕುಡಿಲಿಕ್ಕೂ ಬಿಡುವುದಿಲ್ಲ.”

“ನೋಡಿದೆ ಮಾರಾಯ. ಹೋದ ತಿಂಗಳು ನನ್ನ ಅಂಗಡಿಯಲ್ಲಿದ್ದಾಗ ಆಗಿದ್ರೆ ಹೆದರಿ ನನಗೇ ಎತ್ತುತ್ತಿದ್ದಿ.”

ಅವನು “ಇನ್ನು ಅಮೆರಿಕಕ್ಕಾ, ನಿಮ್ಮ ಅಣ್ಣನಲ್ಲಿಗೆ?” ಎಂದು ಕೇಳಿದ. ಅಕ್ಕ ಹೌದೆಂದರು. ಮೆಷಿನ್‌ಗಳನ್ನು ಯಾರಿಗೆ ಕೊಡುವುದು ಎಂಬ ಮಾತಿಗೆ ಇಬ್ಬರೂ ತೊಡಗಿದರು. ನಾನು ಡ್ಯೂಟಿಗೆ ಹೊರಟೆ.